ನಗಿಸುತ್ತಲೇ ಕೆಣಕಿದ ಚೋ

ಗಿರೀಶ ಕಾರ್ನಾಡರ ‘ತುಘಲಕ್’ ಬಂದದ್ದು 1964ರಲ್ಲಿ. ನಾಲ್ಕು ವರ್ಷಗಳ ಬಳಿಕ ಅದೇ ಸುಲ್ತಾನನನ್ನು ಮದರಾಸಿನ ರಂಗಕ್ಕೆ ತಂದವರು ಚೋ ರಾಮಸ್ವಾಮಿ. ಅವರ ನಾಟಕದಲ್ಲಿ ತುಘಲಕ್ ಇಪ್ಪತ್ತನೇ ಶತಮಾನಕ್ಕೆ ಬಂದು ಪ್ರಧಾನಿಯೇ ಆಗಿಬಿಡುತ್ತಾನೆ!

ಓದಿದ್ದು ಕಾನೂನು, ಹೆಸರು ತಂದದ್ದು ತಮಿಳು ಸಿನಿಮಾದ ಹಾಸ್ಯಪಾತ್ರಗಳು. 1970ರಲ್ಲಿ ‘ತುಘಲಕ್’ ಎಂದೇ ಪತ್ರಿಕೆ ತೆಗೆದರು. ತುರ್ತುಪರಿಸ್ಥಿತಿಯ ಸೆನ್ಸಾರ್‌ಗೆ ಕಪ್ಪು ಮುಖಪುಟದಿಂದ ಉತ್ತರ ಕೊಟ್ಟರು. ಕರುಣಾನಿಧಿಯವರನ್ನು ಬಿಡದೆ ಟೀಕಿಸುತ್ತ ಬಂದವರು 1996ರಲ್ಲಿ ಜಯಲಲಿತಾ ವಿರುದ್ಧ ಡಿಎಂಕೆ ಮೈತ್ರಿಕೂಟದ ಪರ ನಿಂತರು. ಮುಂದೆ ಅದೇ ಜಯಲಲಿತಾಗೆ ಆಪ್ತ ಸಲಹೆಗಾರರಾದರು.

ದ್ರಾವಿಡ ಚಳವಳಿಯ ಬಗ್ಗೆ ಅವರಿಗಿದ್ದ ಅಸಹನೆ ಒಪ್ಪುವಂಥದ್ದಲ್ಲ. ಆದರೆ ಅಧಿಕಾರದಲ್ಲಿದ್ದವರಿಗೆ ಮುಖಕ್ಕೆ ಹೊಡೆದಂತೆ ಹೇಳುವ ಆ ಎದೆಗಾರಿಕೆ ಇಂದಿನ ಪತ್ರಿಕೆಗಳಿಗೆ ಬೇಕೇ ಬೇಕು.