ಹಾರಿಬಂದ ಬೆಟ್ಟ

ಪ್ರವಾಸಿ ಕಾಣುವ ದೇಶ ಬೇರೆ, ನಿವಾಸಿ ಕಾಣುವ ದೇಶ ಬೇರೆ. ಪ್ರವಾಸಿಯ ಕಣ್ಣಿಗೆ ಸರೋವರ, ಸೇತುವೆ, ಗೋಪುರಗಳು ಬೀಳುತ್ತವೆ. ಹಿಂದಿರುಗುವ ಟಿಕೆಟ್ಟು ಜೇಬಿನಲ್ಲೇ ಇರುವುದರಿಂದ ಅವನಿಗೆ ಯಾವ ಕಷ್ಟವೂ ಕಷ್ಟವೆನಿಸುವುದಿಲ್ಲ. ಪರದೇಶದಲ್ಲಿ ಮನೆ ಹೂಡಿ, ಒಲೆ ಹೊತ್ತಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾದವರ ಪಾಡು ಹಾಗಲ್ಲ. ಅವರು ಮೊದಲು ಕಾಣುವುದು ಆ ದೇಶವನ್ನಲ್ಲ, ತಮ್ಮ ಅಸಹಾಯಕತೆಯನ್ನು. ಶಿವಮೊಗ್ಗದಿಂದ ಹೋಗಿ ಚೀನಾ ದೇಶದ ಹಾಂಗ್‌ಝೌ ನಗರದಲ್ಲಿ ನೆಲೆಸಿದ ಒಂದು ಕುಟುಂಬ ತನ್ನ ಮೊದಲ ವರ್ಷದಲ್ಲಿ ಕಲಿತ ಪಾಠವೂ ಇಲ್ಲಿಂದಲೇ ಆರಂಭವಾಯಿತು.

ತಂದೆ ಜವಳಿ ಯಂತ್ರಗಳ ಎಂಜಿನಿಯರು. ತಾಯಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಆರು. ಅವರು ಹೊರಟದ್ದು 2017ರ ಆಗಸ್ಟ್ ತಿಂಗಳ ನಡುವಿನಲ್ಲಿ. ಆಗ ಭೂತಾನದ ಗಡಿಯಲ್ಲಿರುವ ಡೋಕ್ಲಾಂ ಪ್ರಸ್ಥಭೂಮಿಯಲ್ಲಿ ಭಾರತ ಮತ್ತು ಚೀನಾ ದೇಶಗಳ ಸೈನಿಕರು ಎರಡು ತಿಂಗಳಿಂದ ಎದುರುಬದುರಾಗಿ ನಿಂತಿದ್ದರು. ಬಂಧುಗಳೆಲ್ಲ, "ಇಂಥ ಸಮಯದಲ್ಲಿ ಹೋಗುವುದೇ?" ಎಂದು ಕೇಳುವವರೇ. ಅಜ್ಜ ಮಾತ್ರ ಮೌನವಾಗಿದ್ದರು. 1962ರ ಯುದ್ಧದ ಕಾಲದಲ್ಲಿ ಅವರು ಹೈಸ್ಕೂಲು ವಿದ್ಯಾರ್ಥಿ. ರಕ್ಷಣಾ ನಿಧಿಗೆಂದು ತಮ್ಮ ತಾಯಿ ಕೈಯಿಂದ ಬಳೆ ಕಳಚಿ ಕೊಟ್ಟುದನ್ನು ಅವರು ಮರೆತಿರಲಿಲ್ಲ. ಹೊರಡುವ ದಿನ ಸೊಸೆಯನ್ನು ಕರೆದು, "ಅಲ್ಲಿನ ಜನ ಹೇಗಿದ್ದಾರೆಂದು ನೋಡಿ ತಿಳಿಸಮ್ಮ" ಎಂದಷ್ಟೇ ಹೇಳಿದರು. ಆ ತಿಂಗಳ 28ರಂದು ಗಡಿಯ ಬಿಕ್ಕಟ್ಟು ಶಮನವಾಯಿತು. ಆದರೆ ಅಜ್ಜನ ಪ್ರಶ್ನೆ ಹಾಗೆಯೇ ಉಳಿಯಿತು.

ಹಾಂಗ್‌ಝೌ ಸಾಮಾನ್ಯ ಊರಲ್ಲ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಅದು ದಕ್ಷಿಣ ಸೊಂಗ್ ವಂಶದ ರಾಜಧಾನಿಯಾಗಿತ್ತು. ಬೀಜಿಂಗಿನಿಂದ ಬರುವ ಮಹಾಕಾಲುವೆ ಇಲ್ಲಿಗೆ ಬಂದು ಮುಟ್ಟುತ್ತದೆ. ಇಲ್ಲಿಯ ಪಶ್ಚಿಮ ಸರೋವರವನ್ನು ಯುನೆಸ್ಕೋ 2011ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದೆ. ಆದರೆ ಹೊಸದಾಗಿ ಬಂದವರಿಗೆ ಈ ವೈಭವದಿಂದ ಏನು ಪ್ರಯೋಜನ? ಅವರಿಗೆ ಬೇಕಾಗಿದ್ದುದು ಉಪ್ಪು. ಅಂಗಡಿಯಲ್ಲಿ ಉಪ್ಪಿನ ಪೊಟ್ಟಣವೂ ಸಕ್ಕರೆಯ ಪೊಟ್ಟಣವೂ ಅಕ್ಕಪಕ್ಕದಲ್ಲಿದ್ದವು. ಯಾವುದು ಯಾವುದೆಂದು ಓದಲು ಬಾರದು. ಸೊಪ್ಪು ಮಾರುವ ಮುದುಕಿಯೂ ನೋಟನ್ನು ಮುಟ್ಟದೆ, ಚೌಕಾಕಾರದ ಸಂಕೇತವೊಂದನ್ನು ತೋರಿಸಿ ಮೊಬೈಲಿನಿಂದ ಹಣ ಕೊಡುವಂತೆ ಸನ್ನೆ ಮಾಡಿದಳು. ಊರಿನಲ್ಲಿ ತರಗತಿ ತುಂಬಿದ ಮಕ್ಕಳ ಮುಂದೆ ನಿರರ್ಗಳವಾಗಿ ಪಾಠ ಹೇಳುತ್ತಿದ್ದ ತಾಯಿ ಆ ಸೊಪ್ಪಿನವಳ ಮುಂದೆ ಮೂಕಿಯಾದರು. ಮಾಂಸವಿಲ್ಲದ ಅಡಿಗೆಗೆ ಅಲ್ಲಿ 'ಸೂ' ಎನ್ನುತ್ತಾರೆಂದು ತಿಳಿಯುವವರೆಗೆ ಹೋಟೆಲಿನ ಬಾಗಿಲಲ್ಲಿ ನಿಂತು ಹಿಂದಿರುಗಿದ ದಿನಗಳೂ ಉಂಟು.

ಕನ್ನಡ ವರ್ಣಮಾಲೆಯ 49 ಅಕ್ಷರಗಳನ್ನು ಕಲಿತ ಮಗು ಯಾವ ಪುಸ್ತಕವನ್ನಾದರೂ ಕೂಡಿಸಿಕೊಂಡು ಓದಬಲ್ಲದು. ಚೀನೀ ಭಾಷೆಯಲ್ಲಿ ಒಂದೊಂದು ಪದಕ್ಕೂ ಒಂದೊಂದು ಲಿಪಿಚಿಹ್ನೆಯೋ, ಚಿಹ್ನೆಗಳ ಜೋಡಣೆಯೋ ಇರುತ್ತದೆ. 2013ರಲ್ಲಿ ಆ ದೇಶದ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ ನಿತ್ಯಬಳಕೆಯ ಚಿಹ್ನೆಗಳೇ 3,500. ಇದಕ್ಕಿಂತ ತೊಡಕಾದದ್ದು ದನಿಯ ಏರಿಳಿತ. 'ಮಾ' ಎಂಬ ಒಂದೇ ಉಚ್ಚಾರವನ್ನು ಸಮದನಿಯಲ್ಲಿ ಎಳೆದರೆ ತಾಯಿ, ಏರಿಸಿದರೆ ಸೆಣಬು, ಇಳಿಸಿ ಏರಿಸಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು. ಶಾಲೆಗೆ ಸೇರಿದ ಮಕ್ಕಳ ನಾಲಿಗೆ ಬೇಗ ಹೊರಳಿತು. ಕೆಲವೇ ತಿಂಗಳಲ್ಲಿ ಮಗಳು ತಾಯಿಯ ಬಾಯಾದಳು. ಅಂಗಡಿಯಲ್ಲಿ, ಬಸ್ಸಿನಲ್ಲಿ ಅವಳೇ ಮಾತನಾಡುವಳು. ತಾಯಿ ಅವಳ ಹಿಂದೆ ನಿಲ್ಲುವರು. ಮಗಳ ಜಾಣತನದಿಂದ ಹೆಮ್ಮೆಯೂ, ತನ್ನ ಸ್ಥಿತಿಯಿಂದ ನಾಚಿಕೆಯೂ ಒಟ್ಟಿಗೆ ಹುಟ್ಟುತ್ತಿದ್ದವು.

ಆರನೆಯ ಮಹಡಿಯಲ್ಲಿ ಎದುರುಮನೆಯವರು ಇಬ್ಬರು ವೃದ್ಧ ದಂಪತಿಗಳು. ಮಕ್ಕಳು ಆ ದೇಶದ ರೂಢಿಯಂತೆ ಮುದುಕಿಯನ್ನು 'ನೈನೈ', ಎಂದರೆ ಅಜ್ಜಿ, ಎಂದು ಕರೆಯುತ್ತಿದ್ದರು. ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಹುಡುಗ ತೆಳುವಾದ ಅಂಗಿ ತೊಟ್ಟು ಲಿಫ್ಟಿನಲ್ಲಿ ನಿಂತಿದ್ದ. ಅಜ್ಜಿ ಅವನ ಕೈಯನ್ನು ಮುಟ್ಟಿ ನೋಡಿ, ಅಂಗಿಯನ್ನು ಜಗ್ಗಿ, ತಾಯಿಯ ಕಡೆ ತಿರುಗಿ ಗಟ್ಟಿಯಾಗಿ ಏನೇನೋ ಹೇಳಿದರು. ಮಗಳಿಗೆ ಅರ್ಧ ತಿಳಿಯಿತು; ಉಳಿದರ್ಧವನ್ನು ಆ ಮುಖವೇ ಹೇಳುತ್ತಿತ್ತು. ಮಗುವಿಗೆ ಬೆಚ್ಚನೆಯ ಬಟ್ಟೆ ಹಾಕಬೇಕೆಂಬುದು ತಾಯಿಯಾದವಳಿಗೆ ತಿಳಿಯದೇ? ಹತ್ತು ಜನರೆದುರಿಗೆ ಈ ಬೈಗುಳ! ತಾಯಿಗೆ ಅವಮಾನವಾಯಿತು. ಆಮೇಲೆ ಅನೇಕ ದಿನಗಳ ಕಾಲ ಅಜ್ಜಿಯ ಕಣ್ಣು ತಪ್ಪಿಸುವುದಕ್ಕಾಗಿ ಅವರು ಆರು ಮಹಡಿಗಳನ್ನೂ ಮೆಟ್ಟಿಲಿನಿಂದಲೇ ಇಳಿದರು.

ಅಜ್ಜ ಮೃದು ಸ್ವಭಾವದವರು. ಅವರು ದಿನವೂ ಸರೋವರದ ದಂಡೆಗೆ ಹೋಗಿ, ಉದ್ದ ಹಿಡಿಯ ದಪ್ಪ ಕುಂಚವನ್ನು ನೀರಿನಲ್ಲಿ ಅದ್ದಿ, ಕಲ್ಲುಹಾಸಿನ ಮೇಲೆ ಸುಂದರವಾದ ಅಕ್ಷರಗಳನ್ನು ಬರೆಯುತ್ತಿದ್ದರು. ಬಿಸಿಲು ತಾಗಿದೊಡನೆ ಬರಹ ಆರಿಹೋಗುವುದು. ಅವರು ಮತ್ತೆ ಮೊದಲಿನಿಂದ ಬರೆಯುವರು. ಕುಟುಂಬದವರು ಭಾರತೀಯರೆಂದು ತಿಳಿದಾಗ ಅವರು ರಾಜ್ ಕಪೂರರ 'ಆವಾರಾ' ಚಿತ್ರದ ಹಾಡಿನ ಧಾಟಿಯನ್ನು ಗುನುಗಿದರು. ಆ ಚಿತ್ರ ಚೀನಾದಲ್ಲಿ 1950ರ ದಶಕದಲ್ಲಿಯೂ, ಮತ್ತೆ 1970ರ ದಶಕದ ಕೊನೆಯಲ್ಲಿಯೂ ತೆರೆ ಕಂಡು ಮನೆಮಾತಾಗಿತ್ತು. ಒಂದು ದಿನ ಅವರು ತಾಯಿಯ ಕೈಗೆ ಕುಂಚ ಕೊಟ್ಟರು. ತಾಯಿ ಸಂಕೋಚದಿಂದ ಕನ್ನಡದಲ್ಲಿ 'ಅಮ್ಮ' ಎಂದು ಬರೆದರು. ಅಜ್ಜ ಕುಳಿತು ಅದನ್ನು ದಿಟ್ಟಿಸಿ ನೋಡಿ, ಅದರ ಪಕ್ಕದಲ್ಲಿಯೇ ನಾಲ್ಕಾರು ಸಲ ತಿದ್ದಿದರು. ಆ ದುಂಡು ಅಕ್ಷರ ಅವರ ಕೈಗೆ ಸುಲಭವಾಗಿ ಬಗ್ಗಲಿಲ್ಲ. ಕಲಿಯುವವನ ತಡವರಿಕೆ ತನ್ನೊಬ್ಬಳದೇ ಅಲ್ಲವೆಂದು ತಾಯಿಗೆ ಅಂದು ಸಮಾಧಾನವಾಯಿತು.

ಚಳಿಗಾಲ ಬಂತು. ಚೀನಾದ ಉತ್ತರ ಭಾಗದ ನಗರಗಳಲ್ಲಿ ಮನೆಮನೆಗೂ ಕೊಳವೆಗಳ ಮೂಲಕ ಶಾಖ ಒದಗಿಸುವ ಏರ್ಪಾಡಿದೆ. ಹ್ವಾಯ್ ನದಿಯ ದಕ್ಷಿಣಕ್ಕಿರುವ ಹಾಂಗ್‌ಝೌನಂಥ ನಗರಗಳಲ್ಲಿ ಆ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲ. ತೇವ ತುಂಬಿದ ಚಳಿ ಮೂಳೆಯನ್ನೇ ಹೊಗುತ್ತದೆ. ಅಜ್ಜಿಯ ಮಾತಿನಲ್ಲಿ ಹುರುಳಿತ್ತೆಂದು ತಾಯಿಗೆ ಆಗ ಅರಿವಾಯಿತು. 2018ರ ಫೆಬ್ರವರಿ 16ರಂದು ಚೀನೀಯರ ಹೊಸ ವರ್ಷದ ಹಬ್ಬ. ಎದುರುಮನೆಯ ಒಬ್ಬನೇ ಮಗ ದೂರದ ಶೆಂಝೆನ್ ನಗರದಿಂದ ಹೆಂಡತಿ ಮಗುವಿನೊಡನೆ ಬಂದ. ಮನೆಗೆ ಒಂದೇ ಮಗು ಎಂಬ ಸರ್ಕಾರದ ಕಟ್ಟುಪಾಡಿನ ಕಾಲದಲ್ಲಿ ಹುಟ್ಟಿದವನು ಅವನು. ಅವನಿಗೆ ಅಣ್ಣತಮ್ಮಂದಿರಿಲ್ಲ, ಅಕ್ಕತಂಗಿಯರಿಲ್ಲ. ಒಂದು ವಾರ ಆ ಮನೆ ನಗೆಯಿಂದ ತುಂಬಿತು. ಅವರು ಹೊರಟ ದಿನ ಅಜ್ಜಿ ಲಿಫ್ಟಿನ ಬಾಗಿಲು ಮುಚ್ಚಿದ ಮೇಲೂ ಅಲ್ಲಿಯೇ ನಿಂತಿದ್ದರು. ಆರು ವರ್ಷದ ಹುಡುಗನ ಅಂಗಿಯನ್ನು ಅವರು ಏಕೆ ಜಗ್ಗಿದರೆಂಬುದು ತಾಯಿಗೆ ಅಂದು ಹೊಳೆಯಿತು.

ಮಾರ್ಚ್ ತಿಂಗಳಲ್ಲಿ ತಂದೆ ಕೆಲಸದ ಮೇಲೆ ಗುವಾಂಗ್‌ಡಾಂಗ್ ಪ್ರಾಂತಕ್ಕೆ ಹೋಗಿದ್ದಾಗ, ನಡುರಾತ್ರಿ ಹುಡುಗನಿಗೆ ಜ್ವರ ವಿಪರೀತವಾಗಿ ಏರಿತು. ಕಣ್ಣು ಮೇಲಾಗಿ ಅವನು ಏನೇನೋ ಕನವರಿಸತೊಡಗಿದ. ಯಾರನ್ನು ಕರೆಯುವುದು? ಏನೆಂದು ಹೇಳುವುದು? ತಾಯಿ ಓಡಿಹೋಗಿ, ತಾನು ತಿಂಗಳುಗಟ್ಟಲೆ ತಪ್ಪಿಸಿಕೊಂಡಿದ್ದ ಆ ಬಾಗಿಲನ್ನೇ ತಟ್ಟಿದರು. ಅಜ್ಜಿ ಒಂದು ಮಾತನ್ನೂ ಕೇಳಲಿಲ್ಲ. ಉಣ್ಣೆಯ ಕೋಟಿನಲ್ಲಿ ಹುಡುಗನನ್ನು ಸುತ್ತಿ, ಬಿಸಿನೀರಿನ ಫ್ಲಾಸ್ಕನ್ನು ಮಗಳ ಕೈಗೆ ಕೊಟ್ಟು, ಬೀದಿಗಿಳಿದು ಟ್ಯಾಕ್ಸಿ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಹಣ ಕಟ್ಟಿ, ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣುವವರೆಗೆ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡಿದವರು ಅವರೇ. ಬೆಳಗಾಗುವವರೆಗೆ ಹುಡುಗನ ಪಾದಗಳನ್ನು ತಮ್ಮ ಮಡಿಲಲ್ಲಿ ಬೆಚ್ಚಗೆ ಹಿಡಿದು ಕುಳಿತರು.

ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು. ಆಗ ಅಜ್ಜಿಯ ಬೈಗುಳ ಆರಂಭವಾಯಿತು. ಈ ಸಲ ತಾಯಿಗೆ ಮಗಳ ನೆರವು ಬೇಕಾಗಲಿಲ್ಲ. "ಮೊದಲೇ ಏಕೆ ಬಂದು ಬಾಗಿಲು ತಟ್ಟಲಿಲ್ಲ?" ಎಂದು ಆಕೆ ಕೇಳುತ್ತಿದ್ದರು. ತಾಯಿಗೆ ಕಣ್ಣು ತುಂಬಿ ಬಂತು. ಊರಿನಲ್ಲಿ ತನ್ನ ಹೆತ್ತ ತಾಯಿಯೂ ಹೀಗೆಯೇ ಗಂಡಾಂತರ ಕಳೆದ ಮೇಲೆ ಗದರುತ್ತಿದ್ದರಲ್ಲವೇ? ಅತಿಥಿಯನ್ನು ಯಾರೂ ಬೈಯುವುದಿಲ್ಲ, ಅವನಿಗೆ ಉಪಚಾರ ಮಾಡಿ ಬೀಳ್ಕೊಡುತ್ತಾರೆ. ಬೈಯಬೇಕಾದರೆ ನಮ್ಮವರೆಂಬ ಭಾವ ಇರಬೇಕು. ತಾಯಿಗೂ ಬೈಗುಳಿಗೂ ಒಂದೇ ಉಚ್ಚಾರವಿದ್ದು, ನಡುವೆ ದನಿಯ ಏರಿಳಿತವಷ್ಟೇ ಇರುವ ಆ ಭಾಷೆ ಅವರಿಗೆ ಅಂದಿನಿಂದ ಅಷ್ಟು ಪರಕೀಯವೆನಿಸಲಿಲ್ಲ.

ಆಗಸ್ಟ್ ತಿಂಗಳು ಮರಳಿ ಬಂತು. ವರ್ಷ ತುಂಬಿದ ನೆನಪಿಗೆ ಎರಡು ಮನೆಯವರೂ ಕೂಡಿ ಲಿಂಗ್‌ಯಿನ್ ದೇವಾಲಯಕ್ಕೆ ಹೋದರು. ನಾಲ್ಕನೆಯ ಶತಮಾನದಲ್ಲಿ ಭಾರತದಿಂದ ಬಂದ ಬೌದ್ಧ ಭಿಕ್ಷುವೊಬ್ಬರು ಅದನ್ನು ಸ್ಥಾಪಿಸಿದರೆಂದು ಪ್ರತೀತಿ. ಚೀನೀಯರು ಅವರನ್ನು ಹುಯ್‌ಲಿ ಎಂದು ಕರೆಯುತ್ತಾರೆ. ದೇವಾಲಯದ ಎದುರಿಗೆ ಗುಹೆಗಳಿಂದಲೂ ನೂರಾರು ಬುದ್ಧ ಶಿಲ್ಪಗಳಿಂದಲೂ ಕೂಡಿದ ಬೆಟ್ಟವೊಂದಿದೆ. ಅದರ ಹೆಸರಿನ ಅರ್ಥ 'ಹಾರಿಬಂದ ಶಿಖರ'. ಆ ಭಿಕ್ಷು ಅದನ್ನು ಕಂಡೊಡನೆ, ಇದು ನಮ್ಮ ನಾಡಿನ ಬೆಟ್ಟ, ಇಲ್ಲಿಗೆ ಎಂದು ಹಾರಿಬಂತು ಎಂದು ಬೆರಗಾದನೆಂಬ ಕಥೆಯಿದೆ. ಸುತ್ತಲಿನ ಗುಡ್ಡಗಳೆಲ್ಲ ಮರಳುಗಲ್ಲಿನವು, ಇದೊಂದು ಮಾತ್ರ ಸುಣ್ಣಕಲ್ಲಿನದು. ಕಥೆ ಹುಟ್ಟಿದ್ದು ಈ ವ್ಯತ್ಯಾಸದಿಂದಲೇ ಇರಬೇಕೆಂದು ವಿಜ್ಞಾನದ ಅಧ್ಯಾಪಕಿಯಾದ ತಾಯಿ ವಿವರಿಸಿದರು. ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗ, "ಬೆಟ್ಟ ಹಿಂದಿರುಗಿ ಹೋಗಲಿಲ್ಲವೇಕೆ?" ಎಂದು ಚೀನೀ ಭಾಷೆಯಲ್ಲಿ ಕೇಳಿದ. ಅಜ್ಜಿ ಮೇಲೆ ಕೈ ತೋರಿಸಿ, "ಅಷ್ಟೊಂದು ಮರ ಬೇರು ಬಿಟ್ಟಿದೆ, ಹೇಗೆ ಹೋದೀತು? ಮೊದಲು ನೀರು ಕುಡಿ" ಎಂದು ಫ್ಲಾಸ್ಕಿನ ಮುಚ್ಚಳ ತೆರೆದರು.

ಅಂದು ಸಂಜೆ ಶಿವಮೊಗ್ಗಕ್ಕೆ ದೂರವಾಣಿ ಮಾಡಿದಾಗ ಅಜ್ಜ ಮತ್ತೆ ಅದೇ ಪ್ರಶ್ನೆ ಕೇಳಿದರು: "ಏನಮ್ಮಾ, ಅಲ್ಲಿನ ಜನ ಹೇಗಿದ್ದಾರೆ?"

ಸೊಸೆ ಕ್ಷಣಕಾಲ ಯೋಚಿಸಿ, "ನಮ್ಮನ್ನು ಚೆನ್ನಾಗಿ ಬೈಯುತ್ತಾರೆ ಮಾವ" ಎಂದರು.

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಅನಂತರ ಅಜ್ಜ ನಕ್ಕ ಸದ್ದು ಕೇಳಿಸಿತು. "ಬೈಯುವವರಿದ್ದಾರೆಯೇ? ಹಾಗಾದರೆ ಇನ್ನು ಚಿಂತೆಯಿಲ್ಲ" ಎಂದರು.