ಒಂದೇ ಸೂರು, ಎರಡು ಓಣಿ

ಬೆಲ್ಲದ ಬಾಗೇವಾಡಿಯ ಆ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅಜ್ಜಿಯ ಬೀಸುಕಲ್ಲಿನ ಪದಗಳಿದ್ದವು. ಹಿಡಿದಿಟ್ಟ ಮೊಬೈಲು ಕೆಟ್ಟಿತ್ತು. ಬೇರೆ ಪ್ರತಿ ಇರಲಿಲ್ಲ. ಪಿಯುಸಿ ಓದುವ ಮೊಮ್ಮಗ ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ ಹಾಕಿ, ಅವು ಪಡಸಾಲೆಯ ಟೀವಿಯಲ್ಲಿ ಕೇಳುವಂತೆ ಮಾಡಿದ್ದ. ಅಜ್ಜಿಯ ವರ್ಷದ ಕಾರ್ಯದ ಹಿಂದಿನ ಸಂಜೆ ಟೀವಿಗೆ ಕಂಪ್ಯೂಟರೇ ಕಾಣಲಿಲ್ಲ.

"ಪದ ಅಳಿಸಿ ಹೋದವೇನೋ ತಮ್ಮಾ?" ಅಪ್ಪನ ದನಿ ಸಣ್ಣಗಾಗಿತ್ತು.

"ಇಲ್ಲಪ್ಪಾ, ಅದಾವ."

ಇಂಟರ್ನೆಟ್ಟು ನೆಟ್ಟಗಿತ್ತು. ಜನ ಮೋಸ ಹೋಗುವುದು ಅಲ್ಲಿಯೇ. ಹಿಂದಿನ ಕೋಣೆಗೂ ವೈಫೈ ಬರಲೆಂದು ಅಪ್ಪ ಹಳೆಯ ರೌಟರಿಗೆ ಇನ್ನೊಂದನ್ನು ಜೋಡಿಸಿದ್ದರು. ಹೊಸದಕ್ಕೆ ಸೇರಿದ ಕಂಪ್ಯೂಟರಿನ ವಿಳಾಸ 192.168.0 ಎಂದು ಶುರುವಾದರೆ, ಹಳೆಯದರಲ್ಲೇ ಉಳಿದ ಟೀವಿಯದು 192.168.1. ಟೀವಿ ಕೂಗಿ ಕರೆದರೂ ಹೊಸ ರೌಟರ್ ಅದನ್ನು ಹೊರಗಿನವರ ಕರೆಯೆಂದೇ ತಿಳಿದು ಬಾಗಿಲು ತೆಗೆಯದು. (ಟೀವಿಯನ್ನು ‘ಗೆಸ್ಟ್’ ವೈಫೈಗೆ ಸೇರಿಸಿದರೂ ಸಾಮಾನ್ಯವಾಗಿ ಇದೇ ಗತಿ, ಅದು ಕಾವಲಿಗೆಂದು ಕಟ್ಟಿದ ಗೋಡೆ, ಬೈಯುವಂತಿಲ್ಲ.)

ಹುಡುಗ ಹೊಸ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಆಗಿ ಬದಲಿಸಿ, ಎಲ್ಲವನ್ನೂ ಒಮ್ಮೆ ಆರಿಸಿ ಹಚ್ಚಿದ. ಈಗ ಓಣಿ ಒಂದೇ. ಟೀವಿಯಲ್ಲಿ ಬೀಸುಕಲ್ಲು ಗುಡುಗಿತು. ಅಡಿಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಅಪ್ಪ ಆಗಲೇ ಪೆನ್‌ಡ್ರೈವ್ ಹುಡುಕುತ್ತಿದ್ದರು.