ಬುತ್ತಿ ಬಾರದ ಊರು

ರೋಣ ತಾಲ್ಲೂಕಿನ ಅಬ್ಬಿಗೇರಿಯಂಥ ಊರುಗಳಲ್ಲಿ ಓದಿಗಾಗಿ ಮನೆ ಬಿಡುವುದು ಹೊಸ ಸಂಗತಿಯಲ್ಲ; ಬುತ್ತಿ ಮುಟ್ಟದಷ್ಟು ದೂರ ಹೋಗುವುದು ಮಾತ್ರ ಹೊಸದು. ಹೊಲಕ್ಕೆ, ಜಾತ್ರೆಗೆ, ಪರಊರಿಗೆ ಕಟ್ಟಿಕೊಡುವ ಊಟವಾದ ಬುತ್ತಿಯು, 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗಿ ವಿದ್ಯೆಯ ಊರೆನಿಸಿದ ಧಾರವಾಡದಲ್ಲಿ ಕಾಲಕ್ರಮೇಣ ವಿದ್ಯಾರ್ಥಿಜೀವನದ ಒಂದು ವ್ಯವಸ್ಥೆಯೇ ಆಯಿತು. ನಸುಕಿನಲ್ಲಿ ಬಡಿದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಗಳ ಗಂಟನ್ನು ಹಳ್ಳಿಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರನಿಗೆ ಒಪ್ಪಿಸಿದರೆ, ಕೋಣೆ ಹಿಡಿದು ಓದುವ ಹುಡುಗ ನಿಲ್ದಾಣಕ್ಕೆ ಬಂದು ಅದನ್ನು ಇಳಿಸಿಕೊಂಡು, ಹಿಂದಿನ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಏರಿಸುತ್ತಿದ್ದನು.

ಈ ಪ್ರಬಂಧಕಾರನ ಪದವಿಯ ವಿದ್ಯೆಗೆ ಗ್ರಂಥಾಲಯದಷ್ಟೇ ಆ ಡಬ್ಬಿಯೂ ಕಾರಣ. ಅದು ಬರಿದಾಗಿ ಮರಳಿದರೂ ಸುಮ್ಮನೆ ಮರಳುತ್ತಿರಲಿಲ್ಲ. ಅದರೊಳಗೆ ಚಟ್ನಿಯ ಖಾರದ ಬಗೆಗಿನ ದೂರು, ಪರೀಕ್ಷಾ ಶುಲ್ಕದ ಬೇಡಿಕೆ, ಕೆಲವೊಮ್ಮೆ ಅದರ ಜತೆಗೆ ಮಾಸಿದ ಅಂಗಿಯ ಗಂಟು ಅಬ್ಬಿಗೇರಿಗೆ ಪ್ರಯಾಣ ಮಾಡುತ್ತಿದ್ದವು. ಹೀಗೆ ತಿನ್ನುವುದಕ್ಕಿಂತ ಹೆಚ್ಚಾಗಿ ಈ ಹೋಗಿಬರುವಿಕೆಯೇ ಮನೆಯನ್ನು ಹತ್ತಿರದಲ್ಲಿಟ್ಟಿತ್ತೆಂದು ತಿಳಿಯುವುದಕ್ಕೆ, ಹೋಗಿಬರುವ ಬಸ್ಸೇ ಇಲ್ಲದ ಕಡೆಗೆ ಮನೆಯ ಮಗಳೊಬ್ಬಳು ಓದಲು ಹೋಗಬೇಕಾಯಿತು.

ಊರಿನ ಹಂಬಲವನ್ನು ವೈದ್ಯಶಾಸ್ತ್ರವು ಒಂದು ರೋಗವೆಂದು ಹೆಸರಿಟ್ಟು ಗುರುತಿಸಿದ್ದು 1688ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಯೋಹಾನೆಸ್ ಹೋಫರ್ ಮಂಡಿಸಿದ ಪ್ರಬಂಧದಲ್ಲಿ, ಬರ್ನ್ ನಗರದಿಂದ ಓದಲು ಬಂದು ಜ್ವರ, ಎದೆಬಡಿತಗಳಿಂದ ಹಾಸಿಗೆ ಹಿಡಿದ ಯುವಕನೊಬ್ಬನ ವೃತ್ತಾಂತವಿದೆ. ಔಷಧಿಗಳಿಗೆ ಬಗ್ಗದ ಅವನನ್ನು ಊರಿಗೆ ಹೊರಡಿಸಿದಾಗ, ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ಚೇತರಿಸಿಕೊಂಡನು. ಹೋಫರನ ಚಿಕಿತ್ಸೆ ರೋಗಿಯನ್ನು ಮನೆಗೆ ಕಳಿಸುವುದು. ಧಾರವಾಡದ ಚಿಕಿತ್ಸೆ ಮನೆಯ ತುಣುಕೊಂದನ್ನು ರೋಗಿಯಿದ್ದಲ್ಲಿಗೆ ಕಳಿಸುವುದು. ಇವೆರಡೂ ಸಾಧ್ಯವಿಲ್ಲದವರ ಪಾಡು ಬೇರೆ. ಅಂದಿನ ಧಾರವಾಡ ಜಿಲ್ಲೆಯ ಸವಣೂರಿನವರಾದ ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದಾಗ ಹಡಗಿನ ದಾರಿಯೇ ವಾರಗಟ್ಟಲೆ ಹಿಡಿಯುತ್ತಿತ್ತು. ಆ ಕಡಲನ್ನು ಅವರು ‘ಸಮುದ್ರ ಗೀತೆಗಳು’ ಸಂಕಲನವಾಗಿಸಿದರು. ಇಂದಿನ ವಿದ್ಯಾರ್ಥಿಗೆ ವಿಮಾನವು ಅಷ್ಟು ಪುರಸೊತ್ತನ್ನು ಕೊಡುವುದಿಲ್ಲ. ನಿನ್ನೆ ಗದಗದಲ್ಲಿದ್ದವಳು ನಾಳೆ ಜರ್ಮನಿಯಲ್ಲಿರುತ್ತಾಳೆ, ಮನಸ್ಸು ಮಾತ್ರ ಹಿಂದಿನ ಹಡಗಿನ ವೇಗದಲ್ಲಿಯೇ ಬರುತ್ತದೆ.

ಪ್ರಬಂಧಕಾರನ ಅಣ್ಣನ ಮಗಳು ಜರ್ಮನಿಗೆ ಹೊರಟಾಗ, ಇಪ್ಪತ್ತಮೂರು ಕಿಲೋಗ್ರಾಮಿನ ಪೆಟ್ಟಿಗೆಯಲ್ಲಿ ಪುಸ್ತಕ ಮೊದಲೋ ರೊಟ್ಟಿ ಮೊದಲೋ ಎಂಬ ಚರ್ಚೆ ಮನೆಯಲ್ಲಿ ನಡೆದು ರೊಟ್ಟಿಯೇ ಗೆದ್ದಿತು. ಹಂಚಿನ ಮೇಲೆ ಬೇಯಿಸಿದ ಜೋಳದ ರೊಟ್ಟಿಯನ್ನು ನೀರಿನಂಶ ಆರುವವರೆಗೆ ಒಣಗಿಸಿದರೆ ಬೂಸ್ಟು ಹಿಡಿಯದೆ ವಾರಗಟ್ಟಲೆ ಇರುವ ಖಡಕ್ ರೊಟ್ಟಿಯಾಗುತ್ತದೆ. ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರಬಾರದೆಂಬುದು ಐರೋಪ್ಯ ಒಕ್ಕೂಟದ ನಿಯಮವಾದ್ದರಿಂದ, ಭೌಗೋಳಿಕ ಮಾನ್ಯತೆಯ ಮುದ್ರೆ ಪಡೆದ ಧಾರವಾಡ ಪೇಡೆಯು ಮನೆಯಲ್ಲಿಯೇ ಉಳಿಯಿತು. ಯಾವ ಮುದ್ರೆಯೂ ಬೇಡದೆ ಬಡವರ ರೊಟ್ಟಿ ಗಡಿ ದಾಟಿತು.

ಆದರೆ ಒಮ್ಮೆ ಮಾತ್ರ ಹೋಗುವ ಬುತ್ತಿ ತೀರಿದಾಗ ಹಂಬಲ ಇಮ್ಮಡಿಯಾಗುತ್ತದೆ. ಏಷ್ಯಾದ ಸಾಮಾನಿನ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತಾದರೂ ಅದು ಆಕೆಯ ಮಾತು ಕೇಳಲಿಲ್ಲ. ಗೋಧಿಯಲ್ಲಿರುವ, ಹಿಟ್ಟನ್ನು ಎಳೆದು ಹಿಡಿಯುವ ಅಂಟು ಜೋಳದಲ್ಲಿಲ್ಲ; ಆದ್ದರಿಂದಲೇ ಎಸರನ್ನು, ಅಂದರೆ ಕುದಿಯುವ ನೀರನ್ನು, ಹಿಟ್ಟಿಗೆ ಸುರಿದು ಅದರ ಪಿಷ್ಟವನ್ನು ಉಬ್ಬಿಸಿ, ನಾದಿ ಜಿಗಿ ಬರಿಸಬೇಕು. ಅಬ್ಬಿಗೇರಿಯ ಅಡುಗೆಮನೆಯಿಂದ ಅವಳ ಅವ್ವ ಫೋನಿನ ಪರದೆಯೊಳಗೆ ‘ಎಸರು ಸಾಲದು, ಇನ್ನೊಂದೀಟು ನಾದು’ ಎನ್ನುತ್ತಿದ್ದಂತೆ, ಅಲ್ಲಿ ರೊಟ್ಟಿಯ ಅಂಚುಗಳು ಬೇಸಿಗೆಯ ಎರೆಹೊಲದಂತೆ ಬಿರಿದವು.

ಆ ಒಡೆದ ರೊಟ್ಟಿಗೂ ಗಿರಾಕಿ ದೊರೆತಳು: ವಿದ್ಯಾರ್ಥಿನಿಲಯದ ಅಡುಗೆಮನೆಯನ್ನು ಹಂಚಿಕೊಂಡಿದ್ದ ಸುಡಾನಿನ ಹುಡುಗಿ, ಹಿಟ್ಟನ್ನು ನೋಡಿದೊಡನೆ ಗುರುತಿಸಿದಳು. ಅವಳ ನಾಡಿನಲ್ಲಿ ಇದೇ ಜೋಳವನ್ನು ಹುಳಿ ಬರಿಸಿ, ಕಿಸ್ರಾ ಎಂಬ ತೆಳ್ಳನೆಯ ರೊಟ್ಟಿಯಾಗಿ ಹುಯ್ಯುತ್ತಾರೆ. ಅದರಲ್ಲಿ ಆಶ್ಚರ್ಯವೇನಿಲ್ಲ, ಜೋಳವನ್ನು ಮೊದಲು ಕೃಷಿಗೆ ಒಗ್ಗಿಸಿದ ಅತ್ಯಂತ ಹಳೆಯ ಕುರುಹುಗಳು, ಐದು ಸಾವಿರ ವರ್ಷಗಳ ಹಿಂದಿನವು, ಪೂರ್ವ ಸುಡಾನಿನಲ್ಲಿಯೇ ದೊರೆತಿವೆ. ಅಲ್ಲಿಂದ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಭಾರತಕ್ಕೆ ಬಂದ ಈ ಧಾನ್ಯವು ಹಿಂಗಾರಿಯ ಎರೆಭೂಮಿಯ ತೇವವನ್ನು ನಂಬಿ ಬೆಳೆಯುವುದನ್ನು ಕಲಿತು, ನೆಲದೊಳಗಿನ ಕಣಜವಾದ ಹಗೇವಿನಲ್ಲಿ ವರ್ಷಗಟ್ಟಲೆ ಮಲಗಿ, ಇಲ್ಲಿಯದೇ ಎಂಬಷ್ಟು ಇಲ್ಲಿಯದಾಯಿತು. ಮನೆಯ ರುಚಿಯೆಂದು ಅಬ್ಬಿಗೇರಿಯವರು ಹಂಬಲಿಸುವುದು ಕೂಡ ಒಮ್ಮೆ ಪರದೇಶಿಯಾಗಿ ಬಂದು ನೆಲೆ ನಿಂತದ್ದು.

ಬುತ್ತಿಗಾಗಿ ಕಾಯುವವನಿಗೆ ಅದು ತೀರುವ ಚಿಂತೆಯಿದ್ದರೆ, ಇನ್ನೊಬ್ಬರಿಗೆ ಬಡಿದು ಹಾಕುವವಳಿಗೆ ನಾಳೆಯ ಹಿಟ್ಟಿನ ಚಿಂತೆಯಿರುತ್ತದೆ. ಎರಡನೆಯ ಚಿಂತೆ ಮೊದಲನೆಯದಕ್ಕೆ ಔಷಧ. ಈಚೆಗೆ ಆಕೆಯ ಫೋನುಗಳಲ್ಲಿ ಅಳು ಕಡಿಮೆಯಾಗಿ, ಅಂಗಡಿಯ ಹಿಟ್ಟು ಹಳತಾಗಿ ಜಿಗಿ ಕಳೆದುಕೊಂಡಿದೆಯೆಂಬ ತಕರಾರು ಹೆಚ್ಚಾಗಿದೆ. ಮನೆಯವರು ಇದನ್ನು ಚೇತರಿಕೆಯ ಲಕ್ಷಣವೆಂದು ತಿಳಿದು, ತಕರಾರಿಗೆ ಉತ್ತರವಾಗಿ ಅಗಸಿ ಚಟ್ನಿಪುಡಿಯನ್ನಷ್ಟೇ ಕಳಿಸಲು ನಿರ್ಧರಿಸಿದ್ದಾರೆ.